ಔಷಧಕ್ಕೆ ನಿರ್ಬಂಧ ಇಲ್ಲ ಅನ್ನುವ ಮಾತು

(ಗೋವಾದ ವಾಸ್ಕೋದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆರ್ಥಿಕ ನಿರ್ಬಂಧ ಅಂದ ತಕ್ಷಣ ಇರಾಕ್, ಇರಾನ್, ಕ್ಯೂಬಾ ನೆನಪಾಗುತ್ತವೆ. ಅಲ್ಲಿಗೆ ಹೋಗುವ ಮುಂಚೆ ನಾವು ಕೂತಿರುವ ಈ ಊರಿನ ಕಥೆ ಹೇಳುತ್ತೇನೆ. ಇಲ್ಲಿಂದ ಆಟೋದಲ್ಲಿ ಹೋದರೆ ಸ್ವಲ್ಪ ಹೊತ್ತಿಗೇ ದಾಬೋಲಿಂ ವಿಮಾನ ನಿಲ್ದಾಣ ಸಿಗುತ್ತದಲ್ಲ, ಅದು ಶುರುವಾದದ್ದು 1955ರಲ್ಲಿ. ಆಗ ಗೋವಾ ಪೋರ್ಚುಗೀಸರ ಕೈಲಿತ್ತು. ಅವರನ್ನು ಮಣಿಸಲು ಭಾರತ ಸುತ್ತಲಿಂದ ವ್ಯಾಪಾರ ನಿಲ್ಲಿಸಿತ್ತು. ನೆಲದ ದಾರಿ ಮುಚ್ಚಿದಾಗ ಪೋರ್ಚುಗೀಸರು ಆಕಾಶದ ದಾರಿ ಹುಡುಕಿಕೊಂಡರು. ಇಲ್ಲಿಂದ ಕರಾಚಿಗೆ ವಿಮಾನ ಹಾರತೊಡಗಿತು.

ಇವತ್ತು ಬೆಳಗಾವಿಯ ತರಕಾರಿ ಲಾರಿಗಳು ಒಂದೆರಡು ದಿನ ಬರದಿದ್ದರೆ ಗೋವಾದ ಮಾರ್ಕೆಟ್ಟಿನಲ್ಲಿ ಏನಾಗುತ್ತದೆ ಅಂತ ಇಲ್ಲಿರುವ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ. ಆಗ ಎಲ್ಲವೂ ನಿಂತಿತ್ತು. ಕ್ಯಾಸಲ್‌ರಾಕ್‌ನಿಂದ ದೂಧಸಾಗರ ದಾಟಿ ಬರುವ ರೈಲು 1955ರಲ್ಲಿ ನಿಂತಿತು. ಮುಂಬೈಯಲ್ಲಿ ದುಡಿಯುತ್ತಿದ್ದ ಗೋವಾದವರು ಸಾವಿರಾರು ಮಂದಿ. ಅವರಿಗೆ ಮನೆಗೆ ಬರೋದು ಕಷ್ಟ, ಹಣ ಕಳಿಸೋದು ಕಷ್ಟ. ಗಂಡ ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ.

ಹಾಗಾದರೆ ಲಿಸ್ಬನ್ನಿನಲ್ಲಿ ಕೂತಿದ್ದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಬಗ್ಗಿದನೇ? ಇಲ್ಲ. ಮರ್ಮಗೋವಾ ಬಂದರಿಗೆ ಹಾಲೆಂಡಿನ ಆಲೂಗಡ್ಡೆ ಬಂತು. ಪಾಕಿಸ್ತಾನದ ಅಕ್ಕಿ, ಸಿಲೋನಿನ ಟೀ, ಜಪಾನಿನ ಸಿಮೆಂಟ್ ಬಂದವು. ಅದೇ ಬಂದರಿನಿಂದ ಕಬ್ಬಿಣದ ಅದಿರು ಜಪಾನಿಗೆ, ಜರ್ಮನಿಗೆ ಹೋಯಿತು. ಗಣಿ ಇದ್ದವರು ಆ ಕಾಲದಲ್ಲೇ ಬೆಳೆದರು. ಗೋವಾದ ವಿಮೋಚನೆಗೆ ಹೋರಾಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಬಂದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ ಸರ್ಕಾರ ಅದು. ಅದು ಹೋಗಲೇಬೇಕಿತ್ತು. 1961ರ ಡಿಸೆಂಬರಿನಲ್ಲಿ ಸೈನ್ಯ ಬಂದು ಎರಡೇ ದಿನದಲ್ಲಿ ಅದು ಹೋಯಿತು. ನನ್ನ ಪ್ರಶ್ನೆ ಬೇರೆ. ಆ ಆರು ವರ್ಷ ಕಷ್ಟ ಯಾರ ಪಾಲಿಗೆ ಬಂತು? ಗವರ್ನರನ ಊಟದ ಮೇಜಿಗೆ ಏನೂ ಕಮ್ಮಿ ಆಗಲಿಲ್ಲ. ಮುಂಬೈಯ ದುಡಿಮೆಯನ್ನೇ ನಂಬಿದ್ದ ಮನೆಗಳಿಗೆ ಕಮ್ಮಿಯಾಯಿತು.

ಇದು ಗೋವಾಕ್ಕೆ ಮಾತ್ರ ಆದದ್ದಲ್ಲ. ನಮ್ಮ ತುಂಗಭದ್ರಾ ಕಾಲುವೆ ನೋಡಿದವರಿಗೆ ಇದು ಗೊತ್ತು. ನೀರು ಕಡಿಮೆ ಬಿಟ್ಟರೆ ಮೇಲಿನ ಗದ್ದೆಯವನ ಪೈರು ಒಣಗೋದಿಲ್ಲ. ಕಾಲುವೆಯ ಕೊನೆಯಲ್ಲಿರುವವನ ಪೈರು ಒಣಗುತ್ತದೆ. ಒಂದು ದೇಶಕ್ಕೆ ಬರುವ ಸರಕನ್ನು, ಹಣವನ್ನು ಕಡಿಮೆ ಮಾಡಿದರೂ ಹಾಗೇ. ಅಧಿಕಾರದಲ್ಲಿ ಇರುವವರು ತಮ್ಮದನ್ನು ಮೊದಲು ತೆಗೆದುಕೊಳ್ಳುತ್ತಾರೆ. ಸೈನ್ಯಕ್ಕೆ ಎರಡನೆಯದು. ಉಳಿದರೆ ಜನಕ್ಕೆ.

ಇರಾಕನ್ನೇ ನೋಡಿ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಕುವೈತನ್ನು ನುಂಗಿದ. ನಾಲ್ಕೇ ದಿನದಲ್ಲಿ, ಆಗಸ್ಟ್ 6ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 661ನೇ ನಿರ್ಣಯ ಮಾಡಿತು. ಇರಾಕಿನ ಜೊತೆ ವ್ಯಾಪಾರ ಬಂದ್. ಆಗ ಕುವೈತಿನಲ್ಲಿ ನಮ್ಮವರು ಲಕ್ಷಗಟ್ಟಲೆ ಇದ್ದರು. ಮಂಗಳೂರಿನವರು, ಭಟ್ಕಳದವರು, ಗೋವಾದವರು. ಸುಮಾರು 1,70,000 ಜನರನ್ನು ಏರ್ ಇಂಡಿಯಾ ವಿಮಾನಗಳು ಮುಂಬೈಗೆ ಕರೆತಂದವು. ಆ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಇದು: ಅಲ್ಲಿ ಸಿಕ್ಕಿಕೊಂಡ ನಮ್ಮ ಜನಕ್ಕೆ ಹಡಗಿನಲ್ಲಿ ಅಕ್ಕಿ ಬೇಳೆ ಕಳಿಸೋದಕ್ಕೂ ಭಾರತ ಭದ್ರತಾ ಮಂಡಳಿಯ ಸಮಿತಿಯ ಒಪ್ಪಿಗೆ ಕೇಳಬೇಕಾಯಿತು. 'ಮಾನವೀಯ ಸಂದರ್ಭದಲ್ಲಿ' ಆಹಾರಕ್ಕೆ ವಿನಾಯಿತಿ ಅಂತ ನಿರ್ಣಯದಲ್ಲಿ ಬರೆದಿತ್ತು. ಆದರೆ ಅಂಥ ಸಂದರ್ಭ ಬಂದಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವವರು ನ್ಯೂಯಾರ್ಕಿನಲ್ಲಿದ್ದರು. ಅದಕ್ಕಾಗಿ ಸೆಪ್ಟೆಂಬರ್ 13ರಂದು 666 ಅಂತ ಇನ್ನೊಂದು ನಿರ್ಣಯವೇ ಆಯಿತು. ಆಮೇಲೆ 'ವಿಶ್ವ ಸಿದ್ಧಿ' ಅನ್ನುವ ನಮ್ಮ ಹಡಗಿಗೆ ಅನುಮತಿ ಸಿಕ್ಕಿತು. ಒಂದು ದೊಡ್ಡ ದೇಶದ ಸರ್ಕಾರ ಬೆನ್ನಿಗಿದ್ದವರಿಗೇ ಇಷ್ಟು ಕಷ್ಟ. ಇರಾಕಿನ ಸಾಮಾನ್ಯ ಜನಕ್ಕೆ ಯಾರಿದ್ದರು?

1991ರ ಯುದ್ಧದಲ್ಲಿ ಬಾಂಬು ಬಿದ್ದು ವಿದ್ಯುತ್ ಸ್ಥಾವರಗಳು ಹಾಳಾದವು. ಕರೆಂಟ್ ಇಲ್ಲದಿದ್ದರೆ ನೀರಿನ ಪಂಪ್ ಓಡೋದಿಲ್ಲ. ಚರಂಡಿ ನೀರು ಶುದ್ಧ ಮಾಡುವ ಘಟಕ ಓಡೋದಿಲ್ಲ. ಕೊಳಚೆ ನೇರವಾಗಿ ನದಿಗೆ ಹೋಗುತ್ತದೆ, ಅದೇ ನದಿಯ ನೀರನ್ನು ಜನ ಕುಡಿಯುತ್ತಾರೆ. ಆ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಪರವಾಗಿ ಹೋಗಿ ನೋಡಿದ ಮಾರ್ತಿ ಅಹ್ತಿಸಾರಿ, ಇರಾಕ್ ಕೈಗಾರಿಕೆಗೂ ಹಿಂದಿನ ಯುಗಕ್ಕೆ ಜಾರಿದೆ ಅಂತ ವರದಿ ಕೊಟ್ಟರು. ಯುದ್ಧ ಮುಗಿದ ಮೇಲೆ ಕೆಟ್ಟದ್ದನ್ನು ರಿಪೇರಿ ಮಾಡಬಹುದಿತ್ತು. ಬಿಡಿಭಾಗ ತರಿಸಬೇಕಲ್ಲ, ಅದಕ್ಕೆ ನಿರ್ಬಂಧ. ಪಂಪಿನ ಭಾಗ, ಕ್ಲೋರಿನ್, ಪೈಪು, ಇವೆಲ್ಲ ಸೈನ್ಯಕ್ಕೂ ಬಳಕೆಯಾಗಬಹುದು ಅನ್ನುವ ಅನುಮಾನ. ಸಮಿತಿಯ ಒಬ್ಬ ಸದಸ್ಯ ಬೇಡ ಅಂದರೂ ಸಾಕು, ಸರಕು ನಿಲ್ಲುತ್ತಿತ್ತು. ಮಕ್ಕಳು ಸತ್ತದ್ದು ಹೊಟ್ಟೆಗಿಲ್ಲದೆ ಮಾತ್ರ ಅಲ್ಲ. ನೀರಿನಿಂದ ಬರುವ ಭೇದಿಗೆ ಸತ್ತರು.

ದುಡ್ಡಿನ ಬೆಲೆಯೂ ಬಿತ್ತು. 1990ಕ್ಕೆ ಮುಂಚೆ ಸರ್ಕಾರಿ ದರದಲ್ಲಿ ಒಂದು ದಿನಾರಿಗೆ ಮೂರು ಡಾಲರಿಗಿಂತ ಜಾಸ್ತಿ ಸಿಗುತ್ತಿತ್ತು. 1995ರ ಕೊನೆಗೆ ಪೇಟೆಯಲ್ಲಿ ಒಂದು ಡಾಲರಿಗೆ ಸಾವಿರಾರು ದಿನಾರ್ ಎಣಿಸಬೇಕಾಗಿತ್ತು. ಶಿಕ್ಷಕರ ತಿಂಗಳ ಸಂಬಳ ಕೆಲವೇ ಡಾಲರಿಗೆ ಇಳಿಯಿತು. ಮೇಷ್ಟ್ರುಗಳು ಮನೆಯ ಪುಸ್ತಕ, ಕುರ್ಚಿ, ಬಾಗಿಲನ್ನು ಮಾರಿದರು. ಉಳಿದದ್ದು ರೇಷನ್ ಕಾರ್ಡ್. ಹಿಟ್ಟು, ಅಕ್ಕಿ, ಎಣ್ಣೆ, ಸಕ್ಕರೆ, ಟೀ. ಆ ಕಾರ್ಡ್ ಕೊಡುತ್ತಿದ್ದದ್ದು ಸದ್ದಾಂ ಸರ್ಕಾರ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಅವನನ್ನು ದುರ್ಬಲ ಮಾಡಲು ಹಾಕಿದ ನಿರ್ಬಂಧದಿಂದ ಪ್ರತಿ ಮನೆಯ ಅಡುಗೆಯೂ ಅವನ ಕೈಗೆ ಸಿಕ್ಕಿತು. ರೇಷನ್ ಅಂಗಡಿಯವನ ಕೆಂಗಣ್ಣಿಗೆ ಬಿದ್ದರೆ ತಿಂಗಳ ಊಟ ಹೋಯಿತು ಅನ್ನುವ ಊರಿನಲ್ಲಿ ಯಾರು ದಂಗೆ ಏಳುತ್ತಾರೆ?

ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಇರಾಕ್ ತೈಲ ಮಾರಿ, ಆ ಹಣದಿಂದ ಆಹಾರ, ಔಷಧ ಕೊಳ್ಳಬಹುದು ಅನ್ನುವ 'ಆಹಾರಕ್ಕಾಗಿ ತೈಲ' ಯೋಜನೆ ಬರೋದಕ್ಕೆ 1995ರ ಏಪ್ರಿಲ್ ಆಯಿತು. ಅದರ ಮೊದಲ ಆಹಾರ ಇರಾಕಿಗೆ ಮುಟ್ಟಿದ್ದು 1997ರ ಮಾರ್ಚಿನಲ್ಲಿ. ಅಷ್ಟರಲ್ಲಿ ಆರೂವರೆ ವರ್ಷ ಕಳೆದಿತ್ತು. ಆ ಯೋಜನೆಯನ್ನು ಅಲ್ಲೇ ಕೂತು ನಡೆಸುತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಹ್ಯಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಬಿಟ್ಟರು. ವಿಶ್ವಸಂಸ್ಥೆಯಲ್ಲಿ ದಶಕಗಟ್ಟಲೆ ದುಡಿದ ಅಧಿಕಾರಿಗಳು ಇವರು. ಕಣ್ಣೆದುರು ನಡೆಯುತ್ತಿದ್ದದ್ದನ್ನು ತಮ್ಮ ಸಹಿಯಿಂದ ಮುಂದುವರಿಸಲು ಅವರಿಗೆ ಆಗಲಿಲ್ಲ.

ಸತ್ತ ಮಕ್ಕಳ ಲೆಕ್ಕದ ಬಗ್ಗೆ ಒಂದು ಮಾತು. ಐದು ಲಕ್ಷ ಮಕ್ಕಳು ಅಂತ ಎಲ್ಲರೂ ಹೇಳುತ್ತಾರೆ. 1996ರ ಮೇ ತಿಂಗಳಲ್ಲಿ ಅಮೆರಿಕದ ಟಿವಿಯಲ್ಲಿ ಇದೇ ಸಂಖ್ಯೆಯನ್ನು ಮುಂದಿಟ್ಟು, ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮ್ಯಾಡಲೀನ್ ಆಲ್‌ಬ್ರೈಟ್ ಅವರನ್ನು ಕೇಳಿದರು. ಇದು ತುಂಬಾ ಕಷ್ಟದ ಆಯ್ಕೆ, ಆದರೂ ಆ ಬೆಲೆ ತೆರಬಹುದು ಅನ್ನುವ ಅರ್ಥದ ಉತ್ತರ ಕೊಟ್ಟರು. ಆಮೇಲೆ ಆ ಮಾತಿಗೆ ವಿಷಾದ ಪಟ್ಟರು. 2003ರ ನಂತರ ನಡೆದ ಸಮೀಕ್ಷೆಗಳಲ್ಲಿ ಅಷ್ಟು ದೊಡ್ಡ ಏರಿಕೆ ಕಾಣಲಿಲ್ಲ. ಹಳೆಯ ಅಂಕಿಗಳನ್ನು ಇರಾಕ್ ಸರ್ಕಾರ ತಿದ್ದಿತ್ತು ಅಂತ 2017ರಲ್ಲಿ ಸಂಶೋಧಕರು ಬರೆದರು. ಆದ್ದರಿಂದ ಐದು ಲಕ್ಷ ಅನ್ನುವ ಸಂಖ್ಯೆಯನ್ನು ನಾನು ಬಳಸೋದಿಲ್ಲ. ಆದರೆ ಆ ಉತ್ತರ ಮರೆಯೋಕೆ ಆಗೋದಿಲ್ಲ. ಕೇಳಿದ ಕ್ಷಣದಲ್ಲಿ ಆ ಸಂಖ್ಯೆ ಸುಳ್ಳು ಅಂತ ಅವರು ಹೇಳಲಿಲ್ಲ. ನಿಜವಾಗಿದ್ದರೂ ಪರವಾಗಿಲ್ಲ ಅನ್ನುವಂತೆ ಹೇಳಿದರು.

ಇದು ಹೊಸ ಆಯುಧವೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಜರ್ಮನಿಗೆ ಹೋಗುವ ಹಡಗುಗಳನ್ನು ತಡೆಯಿತು. 1918ರ ನವೆಂಬರಿನಲ್ಲಿ ಯುದ್ಧ ನಿಂತ ಮೇಲೂ ಒಪ್ಪಂದಕ್ಕೆ ಸಹಿ ಬೀಳುವ ತನಕ, 1919ರ ಬೇಸಿಗೆಯವರೆಗೆ, ಆ ತಡೆ ಪೂರ್ತಿ ತೆಗೆಯಲಿಲ್ಲ. ಆಗ ಎಗ್ಲಂಟೈನ್ ಜೆಬ್ ಅನ್ನುವ ಇಂಗ್ಲಿಷ್ ಹೆಂಗಸು ಹಸಿದ ಆಸ್ಟ್ರಿಯಾ ಮಗುವಿನ ಚಿತ್ರ ಇರುವ ಕರಪತ್ರವನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದರು. ಪೊಲೀಸರು ಹಿಡಿದರು. ಕೋರ್ಟು ಐದು ಪೌಂಡ್ ದಂಡ ಹಾಕಿತು. ಅವರ ವಿರುದ್ಧ ವಾದ ಮಾಡಿದ ಸರ್ಕಾರಿ ವಕೀಲರೇ ಆಮೇಲೆ ಐದು ಪೌಂಡ್ ತೆಗೆದು ಕೊಟ್ಟರು. 'ಸೇವ್ ದಿ ಚಿಲ್ಡ್ರನ್' ಸಂಸ್ಥೆ ಹುಟ್ಟಿದ್ದು ಹೀಗೆ. ಅದೇ 1919ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಈ ಉಪಾಯವನ್ನು ಹೊಗಳುತ್ತಾ ಶಾಂತ, ಮೌನ, ಮಾರಕ ಅಂದರು. ಅಂದರೆ ಹೊಡೆಯುವವರಿಗೆ ಶುರುವಿನಿಂದಲೇ ಗೊತ್ತಿತ್ತು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವಳು. ಅದಿರಿನ ಎಲ್‌ಸಿ (ಸರಕಿಗೆ ಹಣ ಕೊಡುತ್ತೇವೆ ಅಂತ ಬ್ಯಾಂಕು ಕೊಡುವ ಭರವಸೆ ಪತ್ರ), ರಫ್ತಿನ ಬಿಲ್, ಹಡಗಿನಲ್ಲಿ ದುಡಿಯುವ ಹುಡುಗರು ಮನೆಗೆ ಕಳಿಸುವ ಹಣ, ಇದೇ ನನ್ನ ದಿನದ ಕೆಲಸವಾಗಿತ್ತು. ಆದ್ದರಿಂದ ಯಾರಾದರೂ 'ಔಷಧಕ್ಕೆ, ಆಹಾರಕ್ಕೆ ನಿರ್ಬಂಧ ಇಲ್ಲ, ಸುಮ್ನೆ ಆರೋಪ ಮಾಡುತ್ತಾರೆ' ಅಂದಾಗ ನನಗೆ ತಡೆಯೋಕೆ ಆಗೋದಿಲ್ಲ. ಕಾಗದದ ಮೇಲೆ ಅದು ನಿಜ. ಆದರೆ ಔಷಧ ಕೊಳ್ಳಲು ದುಡ್ಡು ಕಳಿಸಬೇಕು. ಡಾಲರಿನಲ್ಲಿ ಕಳಿಸಿದ ದುಡ್ಡು ಎಲ್ಲಿಂದ ಎಲ್ಲಿಗೆ ಹೋದರೂ ಸಾಮಾನ್ಯವಾಗಿ ನ್ಯೂಯಾರ್ಕಿನ ಒಂದು ಬ್ಯಾಂಕನ್ನು ದಾಟಿಯೇ ಹೋಗಬೇಕು. ದಾಟುವಾಗ ಅಮೆರಿಕದ ಕಾನೂನು ಅದಕ್ಕೆ ತಗಲುತ್ತದೆ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕಿಗೆ ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರಕ್ಕೆ ಅಮೆರಿಕ ಹಾಕಿದ ದಂಡ ಸುಮಾರು 900 ಕೋಟಿ ಡಾಲರ್. ಆ ಸುದ್ದಿ ಬಂದ ಮೇಲೆ ಜಗತ್ತಿನ ಯಾವ ಬ್ಯಾಂಕ್ ಮ್ಯಾನೇಜರ್ ಇರಾನಿನ ಹೆಸರಿರುವ ಕಾಗದವನ್ನು ಮುಟ್ಟುತ್ತಾನೆ? ಹತ್ತು ಲಕ್ಷ ರೂಪಾಯಿಯ ಔಷಧದ ಬಿಲ್ಲಿನಿಂದ ಬ್ಯಾಂಕಿಗೆ ಬರುವ ಕಮಿಷನ್ ಎಷ್ಟು? ಕೆಲವು ಸಾವಿರ. ತಪ್ಪಾದರೆ ಹೋಗೋದು ಕೋಟಿಗಟ್ಟಲೆ. 'ಆಗೋದಿಲ್ಲ' ಅಂತ ಹೇಳೋದೇ ಎಲ್ಲರಿಗೂ ಸುಲಭ. ಬ್ಯಾಂಕಿನವನು ಹಾಗೆ ಹೇಳುತ್ತಾನೆ, ವಿಮೆಯವನು ಹೇಳುತ್ತಾನೆ, ಹಡಗಿನವನೂ ಹೇಳುತ್ತಾನೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಕಾನೂನು ಮೀರಿಲ್ಲ. ಆದರೂ ಔಷಧ ಬರೋದಿಲ್ಲ.

ಹೆಸರು ತಾಳೆ ನೋಡುವ ಕೆಲಸ ಅಂತ ಒಂದಿದೆ. ಹಣ ಕಳಿಸುವವರ, ಪಡೆಯುವವರ, ಹಡಗಿನ, ಬಂದರಿನ ಹೆಸರನ್ನು ನಿರ್ಬಂಧದ ಪಟ್ಟಿಯ ಜೊತೆ ಕಂಪ್ಯೂಟರ್ ಹೋಲಿಸುತ್ತದೆ. ಅಕ್ಷರ ಸ್ವಲ್ಪ ಹೊಂದಿದರೂ ಹಣ ನಿಲ್ಲುತ್ತದೆ. ಈ ಊರಿನ ಒಬ್ಬ ಹಡಗಿನ ಹುಡುಗನ ಸಂಬಳ ಹೀಗೆ ನಿಂತಿತ್ತು. ಅವನ ಹೆಸರು ಪಟ್ಟಿಯಲ್ಲಿದ್ದ ಇನ್ಯಾರದೋ ಹೆಸರಿಗೆ ಹತ್ತಿರ ಇತ್ತು, ಅಷ್ಟೇ. ಅವನ ತಾಯಿ ಕೌಂಟರಿಗೆ ಬಂದು 'ಬಂತಾ ಬಾಯಿ?' ಅಂತ ಕೇಳುತ್ತಿದ್ದರು. ಹುಟ್ಟಿದ ದಿನ, ಪಾಸ್‌ಪೋರ್ಟ್, ಎಲ್ಲ ಕಳಿಸಿ ಆ ಹಣ ಬಿಡಿಸಿಕೊಂಡೆವು. ಭಾರತದ ಮೇಲೆ ಯಾವ ನಿರ್ಬಂಧವೂ ಇಲ್ಲದಾಗ ಹೀಗೆ. ಇಡೀ ದೇಶದ ಹೆಸರೇ ಪಟ್ಟಿಯಲ್ಲಿದ್ದರೆ?

ಇರಾನಿನಲ್ಲಿ ಆದದ್ದು ಕೇಳಿ. ಎಪಿಡರ್ಮೊಲೈಸಿಸ್ ಬುಲೋಸಾ ಅಂತ ಹುಟ್ಟಿನಿಂದ ಬರುವ ಒಂದು ಚರ್ಮದ ಕಾಯಿಲೆ. ಚಿಟ್ಟೆ ಮಕ್ಕಳು ಅಂತ ಕರೆಯುತ್ತಾರೆ, ಚರ್ಮ ಅಷ್ಟು ಸೂಕ್ಷ್ಮ. ಬಟ್ಟೆ ಉಜ್ಜಿದರೂ ಬೊಬ್ಬೆ ಏಳುತ್ತದೆ, ಸಿಪ್ಪೆ ಸುಲಿಯುತ್ತದೆ. ಗಾಯಕ್ಕೆ ಅಂಟಿಕೊಳ್ಳದ ಒಂದು ಬಗೆಯ ಬ್ಯಾಂಡೇಜು ಬೇಕು. ಅದನ್ನು ಮಾಡುವ ಸ್ವೀಡನ್ನಿನ ಕಂಪನಿ, ಅಮೆರಿಕ 2018ರಲ್ಲಿ ನಿರ್ಬಂಧ ಮತ್ತೆ ಹೇರಿದ ಮೇಲೆ, ಇರಾನಿಗೆ ಕಳಿಸೋದು ನಿಲ್ಲಿಸಿತು. ಆ ಬ್ಯಾಂಡೇಜಿಗೆ ನಿರ್ಬಂಧ ಇರಲಿಲ್ಲ. ತಾಯಂದಿರು ಸಾದಾ ಬಟ್ಟೆ ಕಟ್ಟಿದರು. ಬಿಚ್ಚುವಾಗ ಚರ್ಮವೂ ಜೊತೆಗೆ ಬರುತ್ತದೆ. ಇರಾನಿನ ಅಣು ಕಾರ್ಯಕ್ರಮಕ್ಕೂ ಆ ಮಗುವಿಗೂ ಏನು ಸಂಬಂಧ, ಹೇಳಿ. ಇದನ್ನು ಓದಿದ ದಿನದಿಂದ 'ವಿನಾಯಿತಿ ಇದೆಯಲ್ಲ' ಅನ್ನುವ ವಾದವನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ವಿನಾಯಿತಿ ನಿಜವಾಗಿ ಕೆಲಸ ಮಾಡುತ್ತಿದ್ದರೆ, 2023ರ ಫೆಬ್ರವರಿ 6ರ ಭೂಕಂಪದ ನಂತರ ಸಿರಿಯಾಕ್ಕಾಗಿ ಅಮೆರಿಕ ಮೂರೇ ದಿನದಲ್ಲಿ 180 ದಿನಗಳ ಹೊಸ ಪರವಾನಗಿ ಕೊಡಬೇಕಾಗಿ ಬಂದದ್ದು ಯಾಕೆ? ಮನೆ ಬಿದ್ದವರಿಗೆ ಹಣ ಕಳಿಸುವ ದಾರಿ ಮುಂಚೆಯೇ ತೆರೆದಿರಬೇಕಿತ್ತಲ್ಲ.

ಅಫ್ಘಾನಿಸ್ತಾನದ್ದು ಇನ್ನೊಂದು ಬಗೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ಬಂದಾಗ ಆ ದೇಶದ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಅಮೆರಿಕದಲ್ಲಿತ್ತು. ಅದನ್ನು ತಡೆಹಿಡಿದರು. ತಾಲಿಬಾನ್ ಹೆಣ್ಣುಮಕ್ಕಳಿಗೆ ಮಾಡುತ್ತಿರುವುದನ್ನು ನಾನು ಒಂದು ಕ್ಷಣವೂ ಸಮರ್ಥಿಸುವುದಿಲ್ಲ. ಆದರೆ ಕೇಂದ್ರ ಬ್ಯಾಂಕಿನ ಮೀಸಲು ಅಂದರೆ ಮಂತ್ರಿಗಳ ಜೇಬಿನ ದುಡ್ಡಲ್ಲ. ಜನರ ಠೇವಣಿಗೆ ಅದೇ ಆಧಾರ. ಕಾಬೂಲಿನ ಬ್ಯಾಂಕುಗಳ ಮುಂದೆ ಸಾಲು ನಿಂತಿತು. ವಾರಕ್ಕೆ 200 ಡಾಲರಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂದರು, ಅದೂ ಕೈಗೆ ಸಿಕ್ಕರೆ. ಹೊರಗಿನ ನೆರವು ನಿಂತು ನರ್ಸುಗಳಿಗೆ, ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಕೊನೆಗೆ ವಿಶ್ವಸಂಸ್ಥೆಯೇ ಡಾಲರ್ ಕಟ್ಟುಗಳನ್ನು ವಿಮಾನದಲ್ಲಿ ತುಂಬಿ ಕಾಬೂಲಿಗೆ ಸಾಗಿಸಬೇಕಾಯಿತು. ಆ ಚಳಿಗಾಲ ಅಂಗಡಿಯಲ್ಲಿ ಹಿಟ್ಟು ಇತ್ತು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. 2022ರ ಫೆಬ್ರವರಿಯಲ್ಲಿ ಭಾರತ 50,000 ಟನ್ ಗೋಧಿ ಕೊಡುವ ಕೆಲಸ ಶುರು ಮಾಡಿತು. ವಾಘಾ ದಾಟಿ, ಪಾಕಿಸ್ತಾನದ ಮೂಲಕ ಲಾರಿಗಳು ಹೋದವು. ಅದು ನಮ್ಮ ದೇಶ ಮಾಡಿದ ಒಳ್ಳೆಯ ಕೆಲಸ.

ಒಟ್ಟು ಲೆಕ್ಕ ಏನು ಅಂತ ಕೇಳಬಹುದು. 2025ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 152 ದೇಶಗಳ 1971ರಿಂದ 2021ರವರೆಗಿನ ಸಾವಿನ ಪ್ರಮಾಣ ನೋಡಿದ್ದಾರೆ. ವಿಶ್ವಸಂಸ್ಥೆಯ ಮೂಲಕ ಅಲ್ಲದೆ, ದೇಶಗಳು ತಾವಾಗಿಯೇ ಬೇರೆ ದೇಶಗಳ ಮೇಲೆ ಹಾಕಿದ ನಿರ್ಬಂಧಗಳಿಂದ, ಅದರಲ್ಲೂ ಅಮೆರಿಕದ್ದರಿಂದ, ವರ್ಷಕ್ಕೆ ಸುಮಾರು 5,64,000 ಸಾವು ಅಂತ ಅವರ ಅಂದಾಜು. ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ವಿಶ್ವಸಂಸ್ಥೆಯ ನಿರ್ಬಂಧಗಳಲ್ಲಿ ಅಂಥ ಸ್ಪಷ್ಟ ಪರಿಣಾಮ ಅವರಿಗೆ ಕಾಣಲಿಲ್ಲ. ಇದು ಅಂಕಿಅಂಶದ ಅಂದಾಜು, ಹೆಣ ಎಣಿಸಿದ್ದಲ್ಲ. ನಾಳೆ ಬೇರೆಯವರು ತಿದ್ದಬಹುದು. ನನ್ನ ತಕರಾರು ಏನೆಂದರೆ, ಇಂಥ ಲೆಕ್ಕವನ್ನು ಹೊರಗಿನ ಸಂಶೋಧಕರು ಯಾಕೆ ಮಾಡಬೇಕು? ಬಾಂಬು ಹಾಕಿದವರನ್ನು ಎಷ್ಟು ಜನ ಸತ್ತರು ಅಂತ ಪತ್ರಕರ್ತರು ಮರುದಿನವೇ ಕೇಳುತ್ತಾರೆ. ನಿರ್ಬಂಧ ಹಾಕಿದವರನ್ನು ಯಾರೂ ಕೇಳೋದಿಲ್ಲ. ಅವರು ಹೇಳಬೇಕಾಗಿಯೂ ಇಲ್ಲ.

*

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಕೇಳಿದ: 'ಮೇಡಂ, ಹಾಗಾದರೆ ಕೆಟ್ಟ ಸರ್ಕಾರಗಳನ್ನು ಸುಮ್ನೆ ಬಿಟ್ಟುಬಿಡಬೇಕಾ? ಯುದ್ಧಕ್ಕಿಂತ ಇದು ವಾಸಿ ಅಲ್ವಾ?'

ಬಿಡಬಾರದಪ್ಪ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಮೊದಲು ವ್ಯಾಪಾರ ನಿಲ್ಲಿಸಿದ ದೇಶ ನಮ್ಮದು, 1946ರಲ್ಲಿ. ಸ್ವಾತಂತ್ರ್ಯ ಬರುವ ಮುಂಚೆಯೇ. ನಮಗೂ ಅದರಿಂದ ನಷ್ಟ ಆಯಿತು. ಅದು ಸರಿಯಾದ ಕೆಲಸ ಅಂತ ನಾನು ನಂಬಿದ್ದೇನೆ. ಯಾಕೆಂದರೆ ಅಲ್ಲಿಯ ಜನರೇ ಅದನ್ನು ಕೇಳಿದರು. ಕಷ್ಟ ನಮಗೇ ಬಂದರೂ ಬರಲಿ, ನೀವು ನಮ್ಮ ದೇಶದ ಸರಕು ಕೊಳ್ಳಬೇಡಿ ಅಂತ ಅಲ್ಲಿಯ ಕರಿಯರ ನಾಯಕ ಆಲ್ಬರ್ಟ್ ಲುಟುಲಿ ಅಂಥವರು 1959ರಲ್ಲೇ ಕರೆ ಕೊಟ್ಟರು. ಇರಾಕಿನ ಶಿಕ್ಷಕರನ್ನು, ಇರಾನಿನ ಆ ತಾಯಂದಿರನ್ನು ಯಾರು ಕೇಳಿದರು? ಆಯುಧ ಮಾರಬೇಡಿ, ನಾಯಕರ ಖಾತೆಗಳನ್ನು ಮುಟ್ಟುಗೋಲು ಹಾಕಿ. ಅದಕ್ಕೆ ನನ್ನ ವಿರೋಧ ಇಲ್ಲ. ಇಡೀ ದೇಶದ ಬ್ಯಾಂಕುಗಳನ್ನು ಮುಚ್ಚುವುದಕ್ಕೆ ವಿರೋಧ. ಯುದ್ಧಕ್ಕಿಂತ ವಾಸಿ ಅಂತೀಯಲ್ಲ, ಇರಾಕಿನವರು ಹದಿಮೂರು ವರ್ಷ ನಿರ್ಬಂಧ ಅನುಭವಿಸಿದರು. ಆಮೇಲೆ 2003ರಲ್ಲಿ ಯುದ್ಧವನ್ನೂ ಅನುಭವಿಸಿದರು.

ಇನ್ನೊಬ್ಬರು, ಬಂದರಿನಲ್ಲಿ ಕೆಲಸ ಮಾಡುವ ಹಿರಿಯರು, ಕೇಳಿದರು: 'ಭಾರತ ಏನು ಮಾಡಬಹುದಮ್ಮಾ?'

2022ರ ಡಿಸೆಂಬರ್ 9ರಂದು ಭದ್ರತಾ ಮಂಡಳಿ 2664ನೇ ನಿರ್ಣಯ ಮಾಡಿತು. ವಿಶ್ವಸಂಸ್ಥೆ ಆಸ್ತಿ ಮುಟ್ಟುಗೋಲು ಹಾಕಿದಲ್ಲೆಲ್ಲ ಮಾನವೀಯ ನೆರವಿಗೆ ವಿನಾಯಿತಿ ಅಂತ. 14 ದೇಶಗಳು ಪರವಾಗಿ ಮತ ಹಾಕಿದವು. ತಟಸ್ಥವಾಗಿ ಉಳಿದ ಒಂದೇ ದೇಶ ಭಾರತ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನವೂ ನಮ್ಮದೇ. ಭಯೋತ್ಪಾದಕ ಗುಂಪುಗಳು ಇಂಥ ವಿನಾಯಿತಿಯನ್ನು ದುರುಪಯೋಗ ಮಾಡಿಕೊಂಡಿವೆ ಅನ್ನುವುದು ನಮ್ಮ ಸರ್ಕಾರ ಕೊಟ್ಟ ಕಾರಣ. ನೆರೆಯಲ್ಲಿ ಅದನ್ನು ಕಂಡವರ ಆತಂಕ ಅದು, ನನಗೆ ಅರ್ಥವಾಗುತ್ತದೆ. ಆದರೂ ಮತ ಹಾಕಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. 2012ರಲ್ಲಿ ಇರಾನಿಗೆ ಡಾಲರ್ ಕಳಿಸುವ ದಾರಿ ಮುಚ್ಚಿದಾಗ, ಭಾರತ ತೈಲದ ಬೆಲೆಯ 45 ಶೇಕಡಾ ಭಾಗವನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಇಡುವ ವ್ಯವಸ್ಥೆ ಮಾಡಿತು. ಆ ರೂಪಾಯಿಯಿಂದ ಇರಾನ್ ನಮ್ಮಲ್ಲಿ ಬಾಸ್ಮತಿ, ಟೀ, ಔಷಧ ಕೊಂಡಿತು. ನ್ಯೂಯಾರ್ಕನ್ನು ದಾಟುವ ಅಗತ್ಯವೇ ಬೀಳಲಿಲ್ಲ. ಬ್ಯಾಂಕಿನವಳಾಗಿ ಹೇಳುತ್ತೇನೆ, ಅದು ಬಹಳ ಚೆಂದದ ಏರ್ಪಾಟು. 2019ರ ಮೇ ತಿಂಗಳಲ್ಲಿ ಅಮೆರಿಕದ ಒತ್ತಡಕ್ಕೆ ನಾವು ತೈಲ ಕೊಳ್ಳೋದು ನಿಲ್ಲಿಸಿದೆವು. ಖಾತೆಗೆ ಹೊಸ ಹಣ ಬೀಳೋದು ನಿಂತಿತು. ಇದ್ದದ್ದು ಖರ್ಚಾಗುತ್ತಾ ಹೋಯಿತು. ಔಷಧದ ದಾರಿಯನ್ನು ತೈಲಕ್ಕೆ ಕಟ್ಟಿಹಾಕಿದ್ದೇ ಅದರ ದೋಷ. ಔಷಧಕ್ಕೆ ಅಂತಲೇ ಒಂದು ರೂಪಾಯಿ ಖಾತೆ ಇರಲಿ. ಅದನ್ನು ಸರ್ಕಾರಿ ಬ್ಯಾಂಕೊಂದು ನಡೆಸಲಿ, ತಾಳೆ ನೋಡುವ ಕೆಲಸ ಕಟ್ಟುನಿಟ್ಟಾಗಿಯೇ ಆಗಲಿ. ಇರಾನಿನವರು ನಮಗೆ ಒಣ ಹಣ್ಣು, ಕೇಸರಿ ಮಾರಿದ ಹಣ ಅದರಲ್ಲಿ ಬೀಳಲಿ. ತೈಲದ ಹೋಲಿಕೆಯಲ್ಲಿ ಅದು ತೀರಾ ಚಿಕ್ಕ ಮೊತ್ತ. ಆದರೆ ನಮ್ಮ ದೇಶದಲ್ಲಿ ತಯಾರಾಗುವ ಕ್ಯಾನ್ಸರ್ ಮಾತ್ರೆಗಳ ಬೆಲೆಯೂ ಚಿಕ್ಕದೇ. ಇದನ್ನು ಮಾಡೋದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಅಮೆರಿಕದ ನಿಯಮದಲ್ಲೂ ಔಷಧಕ್ಕೆ ವಿನಾಯಿತಿ ಇದೆ. ಧೈರ್ಯ ಮಾಡುವ ಒಂದು ಬ್ಯಾಂಕು, ಅದರ ಬೆನ್ನಿಗೆ ನಿಲ್ಲುವ ಒಂದು ಸರ್ಕಾರ ಬೇಕು. ಇಲ್ಲಿ ಬ್ಯಾಂಕಿನವರು ತುಂಬಾ ಜನ ಇದ್ದೀರಿ. ನಿಮ್ಮ ಸಂಘಟನೆಗಳಲ್ಲಿ ಈ ಮಾತು ಎತ್ತಿ.